ಕಂಪ್ಯೂಟರಿನಲ್ಲಿ ಕಸ ಹೊಡೆದ ವರ್ಷಗಳು

ನನ್ನ ನೇಮಕದ ಪತ್ರದಲ್ಲಿ ಹುದ್ದೆಯ ಹೆಸರು ‘ವೇದಿಕೆ ನಿರ್ವಾಹಕಿ’ ಎಂದಿತ್ತು. ಗಿಣಿಗೇರಾದ ನಮ್ಮ ಓಣಿಯಲ್ಲಿ ಯಾರಾದರೂ ಕೇಳಿದರೆ ನಮ್ಮತ್ತೆ, ‘ಕೊಪ್ಪಳದಾಗ ಕಂಪ್ಯೂಟರ್ ಕಸಾ ಹೊಡೀತಾಳ’ ಎನ್ನುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ, ನನ್ನ ಕೆಲಸ ಏನೆಂದು ಸರಿಯಾಗಿ ತಿಳಿದವರು ಅತ್ತೆಯೊಬ್ಬರೇ ಎಂಬುದು ಖಾತ್ರಿಯಾಯಿತು. ಆಫೀಸಿನಲ್ಲಿ ಅಷ್ಟು ತಿಳಿದವರೂ ಇರಲಿಲ್ಲ.

ಈಗ ಈ ಕೆಲಸಕ್ಕೆ ಬರುವವರಿಗೆ ತರಬೇತಿ ಇದೆ, ಕೈಪಿಡಿ ಇದೆ. ಅದರಲ್ಲಿ ಯಾವ ಗುಂಡಿ ಒತ್ತಬೇಕು ಎಂದು ಬರೆದಿದ್ದಾರೆ. ಒತ್ತಿದ ಮೇಲೆ ಏನಾಗುತ್ತದೆ ಎಂದು ಬರೆದಿಲ್ಲ. ಅದಕ್ಕೇ ನಾನು ಇದನ್ನು ಬರೆಯಲು ಕುಳಿತೆ.

ನಮ್ಮದು ಕೊಪ್ಪಳದ ಒಂದು ಸ್ವಯಂಸೇವಾ ಸಂಸ್ಥೆ. ಬಸ್ ನಿಲ್ದಾಣದ ಹತ್ತಿರ ಒಂದು ಮಹಡಿಯ ಮೇಲೆ ಎರಡು ಕೋಣೆ. ಕುರಿ, ಆಡು, ಎಮ್ಮೆ ಸಾಕುವವರಿಗಾಗಿ ಕನ್ನಡದಲ್ಲಿ ಒಂದು ಜಾಲತಾಣ ನಡೆಸುತ್ತಿದ್ದೆವು. ಸದಸ್ಯರಾದವರು ಅದರಲ್ಲಿ ಪ್ರಶ್ನೆ ಬರೆಯಬಹುದು, ಫೋಟೋ ಹಾಕಬಹುದು. ತಿಳಿದವರು ಕೆಳಗೆ ಉತ್ತರ ಬರೆಯುತ್ತಿದ್ದರು. ಯಲಬುರ್ಗಾದ ಎರೆಹೊಲಗಳಲ್ಲಿ ಕುರಿ ಮೇಯಿಸುವವರು, ಭತ್ತದ ಕೊಯ್ಲು ಮುಗಿದ ಮೇಲೆ ಗಂಗಾವತಿಯ ಗದ್ದೆಗಳಿಗೆ ಹಿಂಡು ಹೊಡೆದುಕೊಂಡು ಹೋಗುವವರು, ಎಲ್ಲರೂ ಇದ್ದರು. ತಮಗೆ ಬರೆಯಲು ಬಾರದಿದ್ದರೆ ಸಾಲಿ ಕಲಿಯುವ ಮಕ್ಕಳಿಂದ ಬರೆಸುತ್ತಿದ್ದರು. ಉತ್ತರ ಕೊಡುವವರಲ್ಲಿ ದೊಡ್ಡವರು ಖಾದರ್ ಸಾಹೇಬರು. ಪಶುವೈದ್ಯರಾಗಿ ನಿವೃತ್ತರಾಗಿ ಕುಷ್ಟಗಿಯಲ್ಲಿ ನೆಲೆಸಿದ್ದರು. ದಿನಾ ಬೆಳಗ್ಗೆ ಚಹಾ ಕುಡಿಯುತ್ತ ಒಂದೊಂದಾಗಿ ಎಲ್ಲ ಪ್ರಶ್ನೆಗೂ ಉತ್ತರ ಬರೆಯುತ್ತಿದ್ದರು. ಒಂದು ಪೈಸೆ ಮುಟ್ಟಲಿಲ್ಲ.

ಆ ಪ್ರಶ್ನೆಗಳ ನಡುವೆ ಬಂದು ಬೀಳುವ ಕಸವನ್ನು, ಅಂದರೆ ಯಾರೂ ಕೇಳದ ಜಾಹೀರಾತು, ಮೋಸದ ಕೊಂಡಿ, ಸುಳ್ಳು ಹೊಗಳಿಕೆಗಳನ್ನು ಹುಡುಕಿ ತೆಗೆಯುವುದು ನನ್ನ ಕೆಲಸ.

ಮೊದಲ ಪ್ರಮಾದ ನನ್ನದೇ, ಹೇಳಿಬಿಡುತ್ತೇನೆ. ಸೇರಿದ ಹೊಸತರಲ್ಲಿ ಇಂಗ್ಲಿಷಿನಲ್ಲಿ ಕೆಲವು ಮೆಚ್ಚುಗೆ ಬಂದವು. ಬಹಳ ಉಪಯುಕ್ತ ಮಾಹಿತಿ, ನಿಮ್ಮ ಬರವಣಿಗೆ ಸೊಗಸಾಗಿದೆ, ಮತ್ತೆ ಬರುತ್ತೇನೆ ಎಂದೆಲ್ಲ. ನಾನು ಹಿಗ್ಗಿ ಪ್ರತಿಯೊಂದಕ್ಕೂ ಧನ್ಯವಾದ ಬರೆದೆ. ಎರಡು ವಾರ ಬರೆದೆ. ಕೆಲವನ್ನು ಮುದ್ರಿಸಿ ಆಫೀಸಿನ ಗೋಡೆಗೆ ಹಚ್ಚಿದೆ. ಅವೆಲ್ಲ ಯಾವುದೋ ದೇಶದ ಯಂತ್ರ ಬರೆದವು, ಹೆಸರಿನ ಮೇಲೆ ಒತ್ತಿದರೆ ಬೂಟು ಮಾರುವ ಅಂಗಡಿ ತೆರೆಯುತ್ತದೆ ಎಂದು ಆಮೇಲೆ ಗೊತ್ತಾಯಿತು. ನನ್ನ ಮಾತು ಬಿಡಿ. ಕುಷ್ಟಗಿ ಕಡೆಯ ಕುರಿಗಾರನೊಬ್ಬ ತನ್ನ ಟಗರಿನ ಫೋಟೋದ ಕೆಳಗೆ ಬಂದ ಇಂಥ ಮೆಚ್ಚುಗೆಯನ್ನು ನಂಬಿ, ಪರದೇಶದವರು ಖರೀದಿಗೆ ಬರುತ್ತಾರೆಂದು ಸಂತೆಯಲ್ಲಿ ಕೇಳಿದವರಿಗೆ ಟಗರು ಕೊಡದೆ ತಿರುಗಿಸಿ ಕಳಿಸಿದ್ದ. ನನಗೆ ಫೋನ್ ಮಾಡಿ ಅವರು ಯಾವಾಗ ಬರುತ್ತಾರೆ ಎಂದು ಕೇಳಿದ.

ಕಸ ತಡೆಯಲು ನಾವು ಮಾಡಿದ ಮೊದಲ ಉಪಾಯ ಎಲ್ಲರಿಗೂ ಗೊತ್ತಿರುವುದೇ. ಸದಸ್ಯರಾಗುವಾಗ ಸೊಟ್ಟಗೆ ಬರೆದ ಇಂಗ್ಲಿಷ್ ಅಕ್ಷರ ತೋರಿಸಿ, ಇದನ್ನು ನೋಡಿ ಬರೆಯಿರಿ ಎನ್ನುವುದು. ಯಂತ್ರಗಳಿಗೆ ಅದು ಓದಲಾಗುವುದಿಲ್ಲ ಎಂದು ಅದನ್ನು ಹಾಕಿಕೊಟ್ಟವರು ಹೇಳಿದ್ದರು. ಯಂತ್ರಗಳು ಒಂದೂ ತಪ್ಪದೆ ಓದಿ ಒಳಗೆ ಬಂದವು. ನಮ್ಮ ಕುರಿಗಾರರು ಹೊರಗೆ ಉಳಿದರು. ನಾನು ಅದನ್ನು ತೆಗೆಸಿ ಕನ್ನಡದ ಒಂದು ಪ್ರಶ್ನೆ ಹಾಕಿಸಿದೆ: ಗಂಡು ಕುರಿಗೆ ಏನೆನ್ನುತ್ತಾರೆ? ಇದು ಸುಮಾರು ವರ್ಷ ಕೆಲಸ ಮಾಡಿತು. ಆದರೆ ಹಳೆಯ ಸದಸ್ಯರೂ ಒಮ್ಮೆ ಉತ್ತರಿಸಬೇಕಿತ್ತು, ಮೊದಲ ವಾರವೇ ಖಾದರ್ ಸಾಹೇಬರು ಹೊರಗೆ ಉಳಿದರು. ‘ಟಗರು’ ಎಂದು ಬರೆದು ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟಿದ್ದರು. ಚುಕ್ಕೆ ಇಟ್ಟ ಟಗರನ್ನು ಕಂಪ್ಯೂಟರ್ ಒಪ್ಪಲಿಲ್ಲ. ನಲವತ್ತು ವರ್ಷ ಟಗರು ನೋಡಿದವನಿಗೆ ನಿನ್ನ ಕಂಪ್ಯೂಟರ್ ಟಗರು ಗೊತ್ತಿಲ್ಲ ಅನ್ನುತ್ತದೆ ಎಂದು ಫೋನಿನಲ್ಲಿ ಅರ್ಧ ತಾಸು ಬೈದರು.

ಇನ್ನು ನಮ್ಮ ಮೇಲಿನವರು. ಸಂಯೋಜಕರು ದೇಸಾಯಿ ಸರ್ ಎಂದು. ಕೆಟ್ಟ ಮನುಷ್ಯರಲ್ಲ. ಆದರೆ ಸಂಸ್ಥೆಗೆ ಹಣ ಕೊಡುವವರಿಗೆ ಪ್ರತಿ ವರ್ಷ ವರದಿ ಕಳಿಸಬೇಕಿತ್ತು, ಅದರಲ್ಲಿ ವೇದಿಕೆಯಲ್ಲಿ ಎಷ್ಟು ಬರಹ ಬಂದವು ಎಂದು ತೋರಿಸಬೇಕಿತ್ತು. ಕಂಪ್ಯೂಟರ್ ಬೂಟಿನ ಜಾಹೀರಾತನ್ನೂ ಬರಹವೆಂದೇ ಎಣಿಸುತ್ತದೆ. ನಾನು ಕಸ ತೆಗೆದಷ್ಟೂ ವರದಿಯ ನಕ್ಷೆಯಲ್ಲಿ ಅವರ ಗೆರೆ ಕೆಳಗಿಳಿಯುತ್ತಿತ್ತು. ಒಂದು ವರ್ಷ ನಾನು ಕಷ್ಟಪಟ್ಟು ಪೂರ್ತಿ ಸ್ವಚ್ಛ ಮಾಡಿ ಹೆಮ್ಮೆಯಿಂದ ಹೋಗಿ ಹೇಳಿದರೆ, ಅವರು ತಲೆಯ ಮೇಲೆ ಕೈ ಇಟ್ಟುಕೊಂಡು ಕುಳಿತರು. ಅಂದಿನಿಂದ, ವರದಿ ಹೋಗುವವರೆಗೆ ಏನನ್ನೂ ಅಳಿಸಬಾರದು ಎಂದು ಆದೇಶವಾಯಿತು. ಕಣಜದಲ್ಲಿ ಹುಳ ಬಿದ್ದರೂ ಕಾಳು ಅಳೆಯುವವರೆಗೆ ಹುಳ ತೆಗೆಯಬೇಡ ಎಂದ ಹಾಗೆ. ನಾನು ವಾದಿಸಿದೆ, ಬೇಸತ್ತೆ, ಸುಮ್ಮನಾದೆ. ಸುಮ್ಮನಾಗಿದ್ದು ಎರಡನೆಯ ಪ್ರಮಾದ.

ಪುಡಿಯವನು ಬಂದಿದ್ದು ಆ ದಿನಗಳಲ್ಲಿ.

ಮಳೆಗಾಲ ಹಿಡಿದಿತ್ತು. ಒಂದು ದಿನ ಒಬ್ಬ ಹೊಸ ಸದಸ್ಯ, ತನ್ನ ಕುರಿಗಳಿಗೆ ಬಾಯಿಬೇನೆ ಬಂದಿತ್ತು, ಗಂಗಾವತಿಯಿಂದ ತರಿಸಿದ ಒಂದು ಪುಡಿ ಹಾಕಿದೆ, ಮೂರೇ ದಿನದಲ್ಲಿ ವಾಸಿಯಾಯಿತು ಎಂದು ಬರೆದ. ಕೆಳಗೆ ಒಂದು ಫೋನ್ ನಂಬರ್. ಮರುದಿನ ಬೇರೊಬ್ಬ ಹೌದೆಂದ. ವಾರದೊಳಗೆ ಹತ್ತಾರು ಮಂದಿ ಪುಡಿಯನ್ನು ಹೊಗಳಿದರು. ಇದು ಯಂತ್ರದ ಕೆಲಸವಲ್ಲ. ನಮ್ಮ ಭಾಷೆ, ನಮ್ಮ ಊರುಗಳ ಹೆಸರು. ಹಾಗಾಗಿ ನಾನೂ ಮೊದಲು ನಂಬಿದೆ. ಆಮೇಲೆ ಒಂದು ಮಧ್ಯಾಹ್ನ ಎಲ್ಲವನ್ನೂ ಒಟ್ಟಿಗೆ ಓದುತ್ತ ಕುಳಿತಾಗ ಕಣ್ಣಿಗೆ ಬಿತ್ತು: ಅಷ್ಟೂ ಜನ ‘ಪರಿಣಾಮಕಾರಿ’ ಎಂಬ ಪದವನ್ನು ‘ಪರಿಣಮಕಾರಿ’ ಎಂದು ಬರೆದಿದ್ದರು. ಯಲಬುರ್ಗಾದವನೂ ಹಾಗೇ, ಮುನಿರಾಬಾದಿನವನೂ ಹಾಗೇ. ಹತ್ತಾರು ಹೆಸರಿನಲ್ಲಿ ಕುಳಿತು ಬರೆಯುತ್ತಿದ್ದವನು ಒಬ್ಬನೇ, ಪುಡಿ ಮಾರುವವನು.

ಎಲ್ಲವನ್ನೂ ಮುದ್ರಿಸಿ, ಆ ಪದದ ಕೆಳಗೆ ಕೆಂಪು ಗೆರೆ ಎಳೆದು ದೇಸಾಯಿ ಸರ್ ಮುಂದಿಟ್ಟೆ. ಅವರು ನೋಡಿದರು. ತಪ್ಪು ಬರೆಯುವುದು ಅಪರಾಧವಲ್ಲವಲ್ಲ ಎಂದರು. ಆ ತಿಂಗಳು ವೇದಿಕೆಯಲ್ಲಿ ಹಿಂದೆಂದೂ ಇಲ್ಲದಷ್ಟು ಚರ್ಚೆ ನಡೆದಿತ್ತು, ಅದೂ ಕನ್ನಡದಲ್ಲಿ, ಅದೂ ಕುರಿಯ ಬಗ್ಗೆ. ಅವರಿಗೆ ಅದನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. ಕೊನೆಗೆ ಒಂದು ತೀರ್ಮಾನ ಹೇಳಿದರು.

‘ಹಿಂಗ್ ಮಾಡ್ರಿ. ಹೊಸಾದು ಬರದಂಗ ತಡೀರಿ. ಹಳೇದು ಇರ್ಲಿ. ವರದಿ ಹೋಗಿಂದ ನೋಡೋಣು.’

ಹೊಸದನ್ನು ತಡೆಯಲು ಒಂದು ದಾರಿ ಇತ್ತು. ಕೆಲವು ಪದಗಳ ಪಟ್ಟಿ ಮಾಡಿಕೊಟ್ಟರೆ, ಆ ಪದ ಇರುವ ಬರಹ ವೇದಿಕೆಗೆ ಬಾರದೆ ನೇರ ಕಸದ ಪೆಟ್ಟಿಗೆಗೆ ಹೋಗುತ್ತದೆ. ಬರೆದವನಿಗೆ ಏನೂ ತಿಳಿಯುವುದಿಲ್ಲ. ನಾನು ಪಟ್ಟಿಗೆ ‘ಪುಡಿ’ ಎಂದು ಸೇರಿಸಿದೆ. ಫೋನ್ ನಂಬರ್ ಇರುವ ಬರಹವೂ ಹಾಗೇ ಹೋಗಲಿ ಎಂದು ಸೇರಿಸಿದೆ. ಮೂರು ಸಲ ಸಿಕ್ಕಿಬಿದ್ದವನ ಖಾತೆ ತಾನೇ ಮುಚ್ಚಿಹೋಗಲಿ ಎಂದೂ ಮಾಡಿದೆ. ಅಬ್ಬಾ, ಎಷ್ಟು ನೆಮ್ಮದಿ ಎನಿಸಿತು. ದಿನಾ ಸಂಜೆ ಗಿಣಿಗೇರಾ ಬಸ್ಸಿಗೆ ಹೊರಡುವ ಮೊದಲು ಪೆಟ್ಟಿಗೆಯನ್ನು ಒಂದೇ ಗುಂಡಿ ಒತ್ತಿ ಖಾಲಿ ಮಾಡುತ್ತಿದ್ದೆ. ಓದುತ್ತಿರಲಿಲ್ಲ. ವರ್ಷಗಟ್ಟಲೆ ಬೂಟು, ಗಡಿಯಾರ, ಕೂದಲಿನ ಎಣ್ಣೆ ಓದಿದವಳಿಗೆ ಇನ್ನೊಂದು ಸಾಲು ಕಸ ಓದುವ ತಾಳ್ಮೆ ಉಳಿದಿರಲಿಲ್ಲ.

ಮೂರು ವಾರ ಕಳೆದಿರಬೇಕು. ಒಂದು ಬೆಳಗ್ಗೆ ನಾನು ಆಫೀಸಿಗೆ ಬಂದಾಗ ಮೆಟ್ಟಿಲ ಮೇಲೆ ನಡುವಯಸ್ಸಿನವರೊಬ್ಬರು ಕುಳಿತಿದ್ದರು. ಹೆಗಲ ಮೇಲೆ ಕಂಬಳಿ. ಯಲಬುರ್ಗಾ ಕಡೆಯ ಹಳ್ಳಿಯವರು, ಹೆಸರು ಹನುಮಪ್ಪ. ಮೊದಲ ಬಸ್ಸಿಗೇ ಬಂದಿದ್ದರು. ಒಳಗೆ ಕರೆದು ನೀರು ಕೊಟ್ಟೆ. ಕುರ್ಚಿ ತೋರಿಸಿದರೂ ತುದಿಯಲ್ಲೇ ಕುಳಿತರು. ಕುಳಿತವರು ತಮ್ಮ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟರು.

‘ಅಕ್ಕಾರ, ನಾ ಏನರ ತಪ್ಪು ಬರ್ದಿದ್ನೇನ್ರಿ?’ ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಹೇಳಿದರು. ಕುರಿಗಳ ಬಾಯಿಂದ ಜೊಲ್ಲು ಸುರಿಯಲು ಶುರುವಾದಾಗ ವೇದಿಕೆಯಲ್ಲಿ ಹುಡುಕಿದ್ದರು. ಅಲ್ಲಿ ಅಷ್ಟು ಜನ ಹೊಗಳಿದ್ದ ಪುಡಿ ಕಂಡಿತು. ತರಿಸಿ ಹಾಕಿದರು. ಮೂರು ದಿನ ಕಾದರು. ಇಳಿಯಲಿಲ್ಲ, ಇನ್ನೂ ಏರಿತು. ಆಗ ಮಗಳ ಕೈಯಲ್ಲಿ ಬರೆಸಿದರು: ಇಂಥ ಪುಡಿ ಹಾಕಿದ್ದೇವೆ, ನಾಲಿಗೆ ನೀಲಿಗಟ್ಟಿದೆ, ಮೇವು ಮುಟ್ಟುತ್ತಿಲ್ಲ, ಡಾಕ್ಟರ್ ಸಾಹೇಬರು ದಯವಿಟ್ಟು ಈ ನಂಬರಿಗೆ ಫೋನ್ ಮಾಡಬೇಕು. ಉತ್ತರ ಬರಲಿಲ್ಲ. ಬರೆದದ್ದೂ ಕಾಣಲಿಲ್ಲ. ಮರುದಿನ ಮತ್ತೆ ಬರೆಸಿದರು. ಅದೂ ಕಾಣಲಿಲ್ಲ. ಮೂರನೆಯ ಸಲ ಬರೆಸಿದ ಮೇಲೆ ಅವರ ಹೆಸರಿಗೆ ಬಾಗಿಲೇ ತೆರೆಯಲಿಲ್ಲ.

‘ದೊಡ್ಡೋರಿಗೆ ಸಿಟ್ಟ್ ಬರೂವಂಥ ಮಾತು ಏನರ ಬಂದಿದ್ರ ಹೊಟ್ಟ್ಯಾಗ ಹಾಕ್ಕೋರಿ. ನಮ್ಮ ಹುಡುಗಿಗೆ ಬರಿಯಾಕ ಅಷ್ಟ ಬರ್ತೈತ್ರಿ. ಇನ್ನೂ ಹದಿನೈದಿಪ್ಪತ್ತು ಮರಿ ಉಳದಾವು. ಅವಕ್ಕರ ಏನರ ಹೇಳ್ರಿ.’

‘ಪುಡಿ’ ಎಂಬ ಪದ, ಫೋನ್ ನಂಬರ್, ಮೂರು ಸಲ. ನಾನು ಹೆಣೆದ ಬಲೆಯಲ್ಲಿ ಪುಡಿ ಮಾರುವವನು ಸಿಗಲಿಲ್ಲ, ಪುಡಿಯಿಂದ ಮೋಸಹೋದವನು ಸಿಕ್ಕ. ಅವರ ಮೂರು ಕೂಗನ್ನೂ ನಾನು ಮೂರು ಸಂಜೆ ಬಸ್ಸಿನ ಗಡಿಬಿಡಿಯಲ್ಲಿ ಅಳಿಸಿದ್ದೆ. ಅವರು ಮಾತ್ರ, ತಾವೇ ಏನೋ ತಪ್ಪು ಬರೆದೆವೆಂದು ಕ್ಷಮೆ ಕೇಳಲು ಬಸ್ಸು ಹತ್ತಿ ಬಂದಿದ್ದರು.

ತಪ್ಪು ನಿಮ್ಮದಲ್ಲ, ನನ್ನದು ಎಂದೆ. ಅವರಿಗೆ ಅದು ನಂಬಿಕೆಯಾದಂತೆ ಕಾಣಲಿಲ್ಲ. ಖಾದರ್ ಸಾಹೇಬರಿಗೆ ಫೋನ್ ಹಚ್ಚಿದೆ. ಅವರು ಒಂದು ಮಾತೂ ಬೈಯಲಿಲ್ಲ, ಹೊರಟೆ ಎಂದರು. ಹನುಮಪ್ಪನವರ ಜೊತೆ ನಾನೂ ಯಲಬುರ್ಗಾ ಬಸ್ಸು ಹತ್ತಿದೆ. ನಾವು ಹಟ್ಟಿ ಮುಟ್ಟುವಷ್ಟರಲ್ಲಿ ಸಾಹೇಬರು ಕುಷ್ಟಗಿಯಿಂದ ಮೋಟರ್ ಸೈಕಲ್ಲಿನಲ್ಲಿ ಬಂದು, ತೋಳು ಮಡಚಿ ಮರಿಗಳ ಬಾಯಿ ಬಿಡಿಸಿ ನೋಡುತ್ತಿದ್ದರು. ನೀಲಿ ನಾಲಿಗೆ ರೋಗ. ಬಂದ ಮೇಲೆ ಅದಕ್ಕೆಂದೇ ಔಷಧವಿಲ್ಲ. ಆದರೆ ನೆರಳಲ್ಲಿ ಕಟ್ಟಿ, ಬಾಯಿ ತೊಳೆದು, ಗಂಜಿ ಕುಡಿಸಿ, ಹುಣ್ಣು ಕೀವಾಗದಂತೆ ಸೂಜಿ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತವೆ, ಆರೋಗ್ಯವಾಗಿರುವ ಹಿಂಡುಗಳನ್ನು ದೂರ ಇಡಬಹುದು. ಎಲ್ಲ ಮೊದಲ ದಿನಗಳಲ್ಲಿ ಆಗಬೇಕು.

ಹಟ್ಟಿಯ ಹಿಂದೆ ಹೊಸದಾಗಿ ಅಗೆದು ಮುಚ್ಚಿದ ಮಣ್ಣಿತ್ತು. ಉದ್ದಕ್ಕೆ ಇತ್ತು. ಹನುಮಪ್ಪನವರ ಹೆಂಡತಿ ಅತ್ತ ಬೆನ್ನು ಮಾಡಿ ಕುಳಿತಿದ್ದರು. ನನ್ನನ್ನು ಯಾರೆಂದು ಕೇಳಲಿಲ್ಲ, ಒಂದು ಚೊಂಬು ಮಜ್ಜಿಗೆ ತಂದುಕೊಟ್ಟರು.

ವಾಪಸು ಹೊರಡುವಾಗ ನಾನು ಸಾಹೇಬರನ್ನು ಕೇಳಿದೆ, ಆ ಪುಡಿಯಲ್ಲಿ ವಿಷವೇನಾದರೂ ಇತ್ತೇ ಎಂದು. ಅವರು ಪೊಟ್ಟಣ ಬಿಚ್ಚಿ ಮೂಸಿ ನೋಡಿದ್ದರು. ಸುಣ್ಣ, ಅರಿಶಿಣ, ಮತ್ತೇನೋ ಸೊಪ್ಪು.

‘ಪುಡಿ ಕೊಂದಿಲ್ಲ, ಸರೋಜಮ್ಮ. ತಡಾ ಮಾಡಿಸೈತಿ. ತಡಾ ಆಗಿದ್ದ ಕೊಂದೈತಿ.’ ಪೊಟ್ಟಣ ಮಡಚಿ ಕಿಸೆಗೆ ಹಾಕುತ್ತ, ‘ನಾವೂ ಅದನ್ನ ಮಾಡೀವಿ’ ಎಂದರು.

ನಿಮ್ಮದೇನೂ ತಪ್ಪಿಲ್ಲ ಎನ್ನಲು ಹೋದೆ. ಅವರು ಮೋಟರ್ ಸೈಕಲ್ ಚಾಲೂ ಮಾಡಿ ಹೊರಟುಬಿಟ್ಟರು.

ಮರುದಿನ ಯಾರನ್ನೂ ಕೇಳದೆ ಪುಡಿಯ ಹೊಗಳಿಕೆಗಳನ್ನೆಲ್ಲ ಅಳಿಸಿದೆ. ಹನುಮಪ್ಪನವರ ಖಾತೆ ತೆರೆದೆ. ವೇದಿಕೆಯ ಮೊದಲ ಪುಟದಲ್ಲಿ ನನ್ನ ಹೆಸರು ಹಾಕಿ ನಡೆದದ್ದನ್ನು ಬರೆದೆ: ಇಂಥ ಪುಡಿಯ ಹೊಗಳಿಕೆ ಎಲ್ಲ ಒಬ್ಬನೇ ಬರೆದದ್ದು, ಗೊತ್ತಿದ್ದೂ ನಾವು ಬಿಟ್ಟಿದ್ದೆವು, ಸಹಾಯ ಕೇಳಿದವರ ಬರಹವನ್ನು ನಾನು ಓದದೆ ಅಳಿಸಿದೆ, ಕುರಿಗೆ ಬಾಯಿಬೇನೆ ಕಂಡ ಕೂಡಲೇ ಪಶು ಆಸ್ಪತ್ರೆಗೆ ಹೋಗಿರಿ. ದೇಸಾಯಿ ಸರ್ ಓದಿ ಕೆಂಪಾದರು. ಸಂಸ್ಥೆಯ ಹೆಸರು ಮಣ್ಣುಪಾಲಾಯಿತು ಎಂದರು. ನನಗೊಂದು ಕಾರಣ ಕೇಳುವ ನೋಟಿಸು ಬಂತು. ಉತ್ತರವಾಗಿ ಕೆಂಪು ಗೆರೆ ಎಳೆದ ಆ ಹಾಳೆಗಳನ್ನೇ ಲಗತ್ತಿಸಿ ಕೊಟ್ಟೆ. ಮುಂದೆ ಯಾರೂ ಏನೂ ಕೇಳಲಿಲ್ಲ. ನನ್ನ ಬರಹ ಮಾತ್ರ ಮೊದಲ ಪುಟದಿಂದ ಒಂದು ವಾರದಲ್ಲಿ ಇಳಿಯಿತು.

ಪುಡಿಯವನೂ ಫೋನ್ ಮಾಡಿದ. ವ್ಯಾಪಾರ ಹಾಳು ಮಾಡಿದಿರಿ, ಕೋರ್ಟಿಗೆ ಎಳೆಯುತ್ತೇನೆ ಎಂದೆಲ್ಲ ಕೂಗಿದ. ಎಳಿ ಎಂದೆ. ಆಗ ದನಿ ತಗ್ಗಿಸಿ ಅವನು ಹೇಳಿದ ಮಾತು ಬೈಗುಳಕ್ಕಿಂತ ಗಟ್ಟಿಯಾಗಿ ನಾಟಿತು.

‘ಅಷ್ಟ ದಿನ ನಿಮ್ಮ ಮನ್ಯಾಗ ಕುಂತು ಮಾರೀನಿ. ಒಬ್ಬರರ ಬ್ಯಾಡ ಅಂದ್ರೇನ್ರಿ?’

ಆಮೇಲೆ ವಿಧಾನ ಬದಲಾಯಿಸಿದೆ. ಹೊಸ ಸದಸ್ಯರು ಸೇರಿದರೆ ನಾನೇ ಫೋನ್ ಮಾಡಿ ಮಾತಾಡಿಸುತ್ತಿದ್ದೆ. ಯಾವ ಊರು, ಎಷ್ಟು ಕುರಿ, ಎಲ್ಲಿ ಮೇಯಿಸುತ್ತೀರಿ. ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಕುರಿ ಇರುವವನು ಹಿಂಡಿನ ಮಾತು ಬಂದರೆ ನಿಲ್ಲಿಸುವುದೇ ಇಲ್ಲ. ಕಸದ ಪೆಟ್ಟಿಗೆಯನ್ನು ಒಂದೊಂದಾಗಿ ಓದಿಯೇ ಖಾಲಿ ಮಾಡುತ್ತಿದ್ದೆ. ಎಷ್ಟೋ ಸಂಜೆ ಬಸ್ಸು ತಪ್ಪಿತು. ಸದಸ್ಯರ ಗೆರೆ ಏರುವುದು ನಿಧಾನವಾಯಿತು, ದೇಸಾಯಿ ಸರ್ ನಿಟ್ಟುಸಿರು ಬಿಡುತ್ತಲೇ ನಿವೃತ್ತರಾದರು. ನಂತರ ಬಂದವರು ಕಿರಿಯರು, ಅವರಿಗೂ ಗೆರೆಯೇ ಬೇಕಿತ್ತು, ಬಣ್ಣ ಮಾತ್ರ ಬೇರೆ.

ನನ್ನ ಕೊನೆಯ ಎರಡು ವರ್ಷ ಇನ್ನೂ ತಲೆ ಕೆಡಿಸಿದವು. ಅಲ್ಲಿಯವರೆಗೆ ಕಸಕ್ಕೆ ಒಂದು ಗುರುತಿತ್ತು, ಕನ್ನಡ ಸರಿ ಇರುತ್ತಿರಲಿಲ್ಲ. ಈಗ ಯಂತ್ರಗಳು ನನಗಿಂತ ಚೆನ್ನಾಗಿ ಕನ್ನಡ ಬರೆಯುತ್ತವೆ. ‘ಪರಿಣಾಮಕಾರಿ’ಗೆ ದೀರ್ಘ ಸರಿಯಾಗಿ ಹಾಕುತ್ತವೆ. ಒಬ್ಬ ರೈತ ಮಹಿಳೆ ತನ್ನ ಆಡುಗಳ ಬಗ್ಗೆ ಬರೆದದ್ದನ್ನು ಓದಿ ಕಣ್ಣಲ್ಲಿ ನೀರು ಬಂದಿತ್ತು. ಕೊನೆಯ ಸಾಲಿನಲ್ಲಿ ಮೇವಿನ ಮೂಟೆ ಮಾರುವ ಅಂಗಡಿಯ ಕೊಂಡಿ. ಅದಾದ ಮೇಲೆ ಶುದ್ಧ ಕನ್ನಡ ಕಂಡರೆ ಅನುಮಾನ. ಹಾಗೆ ಅನುಮಾನಪಟ್ಟು ಕುಷ್ಟಗಿಯ ಒಬ್ಬರ ಬರಹ ತಡೆದು ಫೋನ್ ಮಾಡಿದೆ. ಅವರು ಕನ್ನಡ ಮಾಸ್ತರರು, ಮನೆಯಲ್ಲಿ ಎರಡು ಎಮ್ಮೆ ಕಟ್ಟಿದ್ದರು. ಮೂವತ್ತು ವರ್ಷ ಮಕ್ಕಳಿಗೆ ತಪ್ಪಿಲ್ಲದೆ ಬರೆಯಲು ಕಲಿಸಿದ್ದಕ್ಕೆ ಇದೇ ಬಹುಮಾನವೇ ಎಂದು ಕೇಳಿದರು. ಅವರ ಎಮ್ಮೆ ನಿಜವೆಂದು ಒಪ್ಪಿ ಕ್ಷಮೆ ಕೇಳಿದೆ.

ಖಾದರ್ ಸಾಹೇಬರು ಈಗಿಲ್ಲ. ಅವರು ಬರೆದ ಉತ್ತರಗಳು ಇವೆ, ಜನ ಈಗಲೂ ಹುಡುಕಿ ಓದುತ್ತಾರೆ.

ಹನುಮಪ್ಪನವರ ಉಳಿದ ಮರಿಗಳಲ್ಲಿ ಹೆಚ್ಚಿನವು ಬದುಕಿದವು. ಅವುಗಳಿಂದಲೇ ಹಿಂಡು ಮತ್ತೆ ಕಟ್ಟಿದರು, ಮೊದಲಿನಷ್ಟಾಗಲು ಬಹಳ ವರ್ಷ ಹಿಡಿಯಿತು. ಆದರೆ ಅವರು ವೇದಿಕೆಯಲ್ಲಿ ಮತ್ತೆಂದೂ ಬರೆಯಲಿಲ್ಲ. ಏನಾದರೂ ಕೇಳುವುದಿದ್ದರೆ ನನಗೇ ಫೋನ್. ಖಾತೆ ತೆರೆದಿದೆ, ಬರೆಯಿರಿ, ನಾಲ್ಕು ಜನಕ್ಕೆ ಉಪಯೋಗವಾಗುತ್ತದೆ ಎಂದು ಎಷ್ಟು ಸಲ ಹೇಳಿದೆನೋ. ಒಮ್ಮೆ ಮಾತ್ರ ಅವರು ನೇರವಾಗಿ ಉತ್ತರ ಕೊಟ್ಟರು.

‘ಬ್ಯಾಡ್ರಿ ಅಕ್ಕಾರ. ಫೋನ್ ಹಚ್ಚಿದ್ರ ನೀವು ಎತ್ತತೀರಿ.’

ಹೊಸಬರೇ, ನೀವು ಎಷ್ಟು ಕಸ ಅಳಿಸಿದಿರಿ ಎಂಬ ಲೆಕ್ಕವನ್ನು ಕಂಪ್ಯೂಟರ್ ದಿನಾ ಕೊಡುತ್ತದೆ. ಹೀಗೆ ಬರೆಯುವುದನ್ನೇ ಬಿಟ್ಟವರ ಲೆಕ್ಕವನ್ನು ಅದು ಕೊಡುವುದಿಲ್ಲ.

ಮೊನ್ನೆ ಅವರ ಫೋನ್ ಬಂತು. ಮರಿಗಳಿಗೆ ಭೇದಿ ಹತ್ತಿತ್ತು. ನನಗೆ ತಿಳಿದಷ್ಟು ಹೇಳಿ, ನಾನು ಈಗ ಕೆಲಸದಲ್ಲಿಲ್ಲ, ನನ್ನ ಜಾಗಕ್ಕೆ ರೇಣುಕಾ ಎಂಬವಳು ಬಂದಿದ್ದಾಳೆ, ಅವಳ ಹತ್ತಿರ ಈಗಿನ ಡಾಕ್ಟರರು ಇದ್ದಾರೆ ಎಂದು ನಂಬರ್ ಕೊಟ್ಟೆ. ಹನುಮಪ್ಪ ಒಂದೊಂದೇ ಅಂಕಿ ತಿರುಗಿ ಹೇಳುತ್ತ ಬರೆದುಕೊಂಡರು. ಬರೆದುಕೊಂಡ ಮೇಲೂ ಫೋನ್ ಇಡಲಿಲ್ಲ.

‘ಅವರು ಎತ್ತತಾರೇನ್ರಿ?’ ಎಂದು ಕೇಳಿದರು.

ಎತ್ತುತ್ತಾಳೆ ಎಂದೆ. ಆದರೆ ಇಟ್ಟ ಕೂಡಲೇ ನನಗೆ ಧೈರ್ಯ ಸಾಲಲಿಲ್ಲ. ಈಗ ಗುರುತಿಲ್ಲದ ನಂಬರನ್ನು ಯಾರು ಎತ್ತುತ್ತಾರೆ? ಸಾಲ ಬೇಕೇ, ಸೈಟು ಬೇಕೇ ಎನ್ನುವವರ ಕಾಟಕ್ಕೆ ನಾನೇ ಎತ್ತುವುದಿಲ್ಲ. ಅವರು ಅಂಕಿ ಒತ್ತುವಷ್ಟರಲ್ಲಿ ನಾನು ರೇಣುಕಾಗೆ ಫೋನ್ ಹಚ್ಚಿದೆ.

‘ಈಗ ಯಲಬುರ್ಗಾ ಕಡಿಂದ ಒಂದು ಫೋನ್ ಬರ್ತೈತಿ. ಹೊಸಾ ನಂಬರ್ ಐತಂತ ಬಿಡಬ್ಯಾಡವಾ, ಎತ್ತು’ ಎಂದೆ.

ಆಯ್ತ್ರಿ ಎಂದಳು. ನಾನು ಮಾತು ಬೆಳೆಸಲಿಲ್ಲ. ಅವಳ ಫೋನು ಖಾಲಿ ಇರಬೇಕಿತ್ತು.